ಹುಣ್ಣಿಮೆ ನೋಡಿ ಬರುವ ಹಬ್ಬ

(ಬಳ್ಳಾರಿಯಲ್ಲಿ ಧರ್ಮೋಪದೇಶ ಶಿಕ್ಷಕರು ಮತ್ತು ಯುವಜನರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ತುಂಬಾ ಜನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು. ಹಾಗಾಗಿ ಒಂದು ಮಗುವಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನನ್ನ ತರಗತಿಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಕ್ರಿಸ್ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತೆ. ಈಸ್ಟರ್ ಯಾಕೆ ಒಂದು ವರ್ಷ ಮಾರ್ಚಿಗೆ, ಇನ್ನೊಂದು ವರ್ಷ ಏಪ್ರಿಲಿಗೆ ಬರುತ್ತೆ? ಅದಕ್ಕೆ ಅಂತ ಒಂದು ತಾರೀಖು ಇಲ್ವಾ?"

ನಾನು ಪುಸ್ತಕದಲ್ಲಿರುವ ಉತ್ತರ ಹೇಳಿದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಹುಡುಗಿ ತಲೆಯಾಡಿಸಿ ಕೂತಳು. ಅವಳಿಗೆ ಅರ್ಥವಾಗಿಲ್ಲ ಅಂತ ಅವಳ ಮುಖ ಹೇಳುತ್ತಿತ್ತು.

ಮನೆಗೆ ಹೋಗುವಾಗ ದಾರಿಯಲ್ಲಿ ನನ್ನ ಅಜ್ಜಿ ನೆನಪಾದಳು. ನಾವು ಮುದಗಲ್ ಕಡೆಯವರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಯಲ್ಲಿ ಕ್ಯಾಲೆಂಡರ್ ಇದ್ದರೂ ಅದರಲ್ಲಿದ್ದ ತಿರು ಹೃದಯದ ಚಿತ್ರಕ್ಕೆ ಕೈ ಮುಗಿಯುತ್ತಿದ್ದಳೇ ಹೊರತು ತಾರೀಖು ನೋಡುತ್ತಿರಲಿಲ್ಲ. ಆದರೆ ಪಾಸ್ಕ, ಅಂದರೆ ಈಸ್ಟರ್ ಹಬ್ಬ, ಯಾವಾಗ ಅಂತ ಕೇಳಿದರೆ ತಟ್ಟನೆ ಹೇಳುತ್ತಿದ್ದಳು: "ದವನದ ಹುಣ್ಣಿವಿ ಆದ ಮ್ಯಾಲೆ ಬರೋ ಐತವಾರ. ಕೆಲವು ವರ್ಸ ಹೋಳಿ ಹುಣ್ಣಿವಿಗೇ ಬಂದು ಬಿಡ್ತೈತಿ, ನೋಡ್ಕೋಬೇಕು."

ಅಷ್ಟೇ ಉತ್ತರ. ಮುಂದಿನ ವಾರ ಆ ಹುಡುಗಿಗೆ ಇದನ್ನೇ ಹೇಳಿದೆ. ಅವಳ ಕಣ್ಣು ಅರಳಿತು. "ಅಂದ್ರೆ ಹಂಪಿ ತೇರು ಎಳೆದ ಮೇಲೆ ಬರೋ ಭಾನುವಾರನಾ ಟೀಚರ್?" ಅಂದಳು. ಹೌದು, ಹೆಚ್ಚು ಕಡಿಮೆ ಅದೇ. ವಿರೂಪಾಕ್ಷನ ರಥ ಎಳೆಯುವುದು ಚೈತ್ರದ ಹುಣ್ಣಿಮೆಗೆ, ಅಂದರೆ ದವನದ ಹುಣ್ಣಿಮೆಗೆ. ನಮ್ಮ ಈಸ್ಟರ್ ಹುಡುಕುವುದೂ ಬಹಳ ವರ್ಷ ಅದೇ ಹುಣ್ಣಿಮೆಯನ್ನು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ನಮ್ಮ ಪೂಜಾ ವರ್ಷದ ನಡುಗಂಬ ಕ್ರಿಸ್ಮಸ್ ಅಂತ ನಾವು ತಿಳಿದುಕೊಂಡಿದ್ದೇವೆ. ನಿಜವಾಗಿ ಆ ಕಂಬ ಪಾಸ್ಕದ ರಾತ್ರಿ. ಅದನ್ನು ನೆಟ್ಟಿರುವುದು ಹುಣ್ಣಿಮೆಯ ಮೇಲೆ. ಹುಣ್ಣಿಮೆ ಲೆಕ್ಕ ಈ ಸೀಮೆಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ. ಹೆಸರು ಹೇಳಿದರೆ ಸಾಕು, ಹೊಲದಲ್ಲಿ ಏನಿದೆ, ಅಡುಗೆಮನೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ ಯಾವಾಗ ಅಂದರೆ ಜನ ಜನವರಿಯ ತಾರೀಖು ಹೇಳುವುದಿಲ್ಲ, ಬನದ ಹುಣ್ಣಿಮೆ ಆದ ಮೇಲೆ ಅನ್ನುತ್ತಾರೆ. ಇದೇ ಕಣ್ಣಿನಿಂದ ನಮ್ಮ ಹಬ್ಬಗಳನ್ನೂ ನೋಡೋಣ.

ಕೆಲವು ವರ್ಷಗಳನ್ನು ತೆಗೆದುಕೊಳ್ಳಿ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂತು. ಮಾರ್ಚ್ 21 ದಾಟಿದ್ದರಿಂದ ಅದೇ ಹುಣ್ಣಿಮೆ ಲೆಕ್ಕಕ್ಕೆ ಸಿಕ್ಕಿತು, ಈಸ್ಟರ್ ಮಾರ್ಚ್ 31ಕ್ಕೇ ಬಂದುಬಿಟ್ಟಿತು. 2025ರಲ್ಲಿ ಹೋಳಿ ಮಾರ್ಚ್ ಮಧ್ಯದಲ್ಲೇ ಮುಗಿದಿತ್ತು, ಹಾಗಾಗಿ ದವನದ ಹುಣ್ಣಿಮೆಗೆ ಕಾಯಬೇಕಾಯಿತು. ಸಭೆಯ, ಅಂದರೆ ಚರ್ಚಿನ, ಹುಣ್ಣಿಮೆ ಪಟ್ಟಿಯಲ್ಲಿ ಅದು ಏಪ್ರಿಲ್ 13, ಭಾನುವಾರ. ಹುಣ್ಣಿಮೆ ಭಾನುವಾರವೇ ಬಿದ್ದರೆ ಅವತ್ತು ಹಬ್ಬ ಮಾಡುವುದಿಲ್ಲ, ಮುಂದಿನ ಭಾನುವಾರಕ್ಕೆ ಹೋಗುತ್ತದೆ. ಆ ಹದಿಮೂರಕ್ಕೆ, ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ, ನಾವು ಗರಿ ಹಿಡಿದು ಮೆರವಣಿಗೆ ಹೋದೆವು, ಈಸ್ಟರ್ ಆದದ್ದು 20ಕ್ಕೆ. 2026ರಲ್ಲಿ ಮತ್ತೆ ದವನದ ಹುಣ್ಣಿಮೆಯೇ, ಏಪ್ರಿಲ್ ಮೊದಲಲ್ಲಿ. ಈಸ್ಟರ್ ಏಪ್ರಿಲ್ 5.

ನನಗೆ ತುಂಬಾ ಇಷ್ಟವಾದ ಉದಾಹರಣೆ 2019ರದು. ಆ ವರ್ಷ ಮಾರ್ಚ್‌ನ ಹುಣ್ಣಿಮೆ ಸಭೆಯ ಪಟ್ಟಿಯ ಪ್ರಕಾರ ಮಾರ್ಚ್ 20ಕ್ಕೆ ಬಂತು. ಒಂದೇ ಒಂದು ದಿನ ಹಿಂದೆ! ಅದು ಲೆಕ್ಕಕ್ಕೆ ಸಿಗಲಿಲ್ಲ. ಹಬ್ಬ ಪೂರ್ತಿ ಒಂದು ತಿಂಗಳು ಮುಂದೆ ಹೋಯಿತು. ಈಸ್ಟರ್ ಏಪ್ರಿಲ್ 21. ಆ ವರ್ಷ ದವನದ ಹುಣ್ಣಿಮೆಯೂ ಶುಭ ಶುಕ್ರವಾರವೂ ಒಂದೇ ದಿನ, ಏಪ್ರಿಲ್ 19. ಅವತ್ತು ಸಂಜೆ ಶಿಲುಬೆಯ ಆರಾಧನೆ ಮುಗಿಸಿ ಹೊರಗೆ ಬಂದಾಗ ಗುಡಿಯ ಅಂಗಳದ ತುಂಬಾ ಬೆಳದಿಂಗಳು. ಯಾರೂ ಮಾತಾಡಲಿಲ್ಲ. ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿತ್ತು. ನಾನು ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಯಾಕೆ ಕೂತೆ ಅಂದರೆ, ಆ ಬೆಳದಿಂಗಳು ಸುಮ್ನೆ ಇದ್ದದ್ದಲ್ಲ. ಯೇಸುಸ್ವಾಮಿ ತೀರಿಹೋದದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ. ಯೆಹೂದ್ಯರ ಪಾಸ್ಕ ಬರುವುದೇ ಹುಣ್ಣಿಮೆಗೆ, ಅವರ ನಿಸಾನ್ ತಿಂಗಳ ನಡುವೆ. ಅಂದರೆ ಗೆತ್ಸೆಮನಿ ತೋಟದಲ್ಲಿ ಸ್ವಾಮಿ ಬೆವರು ಸುರಿಸಿ ಪ್ರಾರ್ಥನೆ ಮಾಡಿದ ರಾತ್ರಿ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನೇ ಇದ್ದ. ಶಿಷ್ಯರು ಮಲಗಿದ್ದು ಎಣ್ಣೆಮರಗಳ ನೆರಳು ಬೆಳಕಿನಲ್ಲಿ. ಪವಿತ್ರ ಗುರುವಾರ ರಾತ್ರಿ ನೀವು ಪರಮ ಪ್ರಸಾದದ ಮುಂದೆ ಜಾಗರಣೆ ಕೂತು ಹೊರಗೆ ಬಂದಾಗ ಒಮ್ಮೆ ತಲೆ ಎತ್ತಿ ನೋಡಿ. ಚಂದ್ರ ತುಂಬಿರುತ್ತಾನೆ, ಇಲ್ಲವೇ ತುಂಬುವುದರ ಹತ್ತಿರ ಇರುತ್ತಾನೆ, ಅಥವಾ ಈಗಷ್ಟೇ ಕರಗಲು ಶುರು ಮಾಡಿರುತ್ತಾನೆ. ಎರಡು ಸಾವಿರ ವರ್ಷದಿಂದ ಆ ರಾತ್ರಿಯ ಗುರುತು ಅಲ್ಲೇ ಮೇಲೆ ಇದೆ.

ಇಲ್ಲೇ ಒಂದು ಸಣ್ಣ ಮಾತು. ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಕಾಲ ನಾಡೆಲ್ಲ ಕತ್ತಲಾಯಿತು ಅಂತ ಶುಭಸಂದೇಶದಲ್ಲಿ ಓದುತ್ತೇವೆ. ಮಕ್ಕಳು ಅದನ್ನು ಸೂರ್ಯಗ್ರಹಣವಾ ಅಂತ ಕೇಳುತ್ತಾರೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಗೆ ಮಾತ್ರ, ಹುಣ್ಣಿಮೆಗೆ ಆಗುವುದಿಲ್ಲ. ನಮ್ಮ ರೈತರಿಗೆ ಇದು ಗೊತ್ತು. ಹಾಗಾಗಿ ಆ ಕತ್ತಲು ಗ್ರಹಣದ ಕತ್ತಲಲ್ಲ ಅಂತ ಮಕ್ಕಳಿಗೆ ಧೈರ್ಯವಾಗಿ ಹೇಳಿ.

ಎಲ್ಲರೂ ಈ ಹಬ್ಬವನ್ನು ಒಂದೇ ಭಾನುವಾರ ಆಚರಿಸಬೇಕು ಅಂತ ತೀರ್ಮಾನ ಆದದ್ದು 325ರ ನೈಸಿಯ ಮಹಾಸಭೆಯಲ್ಲಿ. ಲೆಕ್ಕ ನಿಧಾನವಾಗಿ ಗಟ್ಟಿಯಾಯಿತು. ಅದರಲ್ಲಿ 19 ವರ್ಷದ ಒಂದು ಚಕ್ರ ಇದೆ. 19 ವರ್ಷಕ್ಕೊಮ್ಮೆ ಹುಣ್ಣಿಮೆಗಳು ಹೆಚ್ಚು ಕಡಿಮೆ ಅದೇ ತಾರೀಖಿಗೆ ವಾಪಸ್ ಬರುತ್ತವೆ. ನಮ್ಮ ಪಂಚಾಂಗದಲ್ಲೂ 19 ವರ್ಷಕ್ಕೆ ಏಳು ಅಧಿಕ ಮಾಸ ಬರುತ್ತವೆ ಅಲ್ವಾ, ಅದೂ ಇದೇ ಲೆಕ್ಕ. ಸೂರ್ಯನನ್ನೂ ಚಂದ್ರನನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾದರೆ ಯಾವ ದೇಶದವರಾದರೂ ಈ ಹತ್ತೊಂಬತ್ತರ ಹತ್ತಿರ ಬರಲೇಬೇಕು.

ನಮ್ಮ ಮುದಗಲ್‌ನಲ್ಲಿ ಬೆಳೆದವರಿಗೆ ಮೂರನೆಯ ಲೆಕ್ಕವೂ ಗೊತ್ತು. ಮುದಗಲ್ ಮೊಹರಂ ಎಷ್ಟು ಹೆಸರುವಾಸಿ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲ ಜಾತಿಯವರೂ ಬರುತ್ತಾರೆ. ಆ ಊರಿನ ಕ್ರೈಸ್ತರದೂ ಇವತ್ತು ನಿನ್ನೆಯ ಕಥೆಯಲ್ಲ, ಆದಿಲ್ ಶಾಹಿಗಳ ಕಾಲದಿಂದ ಇದ್ದಾರೆ. ಮೊಹರಂ ಚಂದ್ರನನ್ನು ಮಾತ್ರ ನೋಡುತ್ತದೆ, ಅಧಿಕ ಮಾಸ ಸೇರಿಸುವುದಿಲ್ಲ. ಹಾಗಾಗಿ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ನೋಡಿದ ಅಲಾವಿಯ ಬೆಂಕಿಯನ್ನು ದೊಡ್ಡವಳಾದ ಮೇಲೆ ಚಳಿಯಲ್ಲೂ ನೋಡಿದೆ, ಮಳೆಯಲ್ಲೂ ನೋಡಿದೆ. 2025ರಲ್ಲಿ ಈಸ್ಟರಿಗೆ ಮುಂಚಿನ ನಮ್ಮ ಉಪವಾಸ ಶುರುವಾಗುವ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು. ಅದಕ್ಕೆ ಮೂರು ದಿನ ಮೊದಲು ರಂಜಾನ್ ಉಪವಾಸ ಶುರುವಾಗಿತ್ತು. ನಮ್ಮ ಓಣಿಯಲ್ಲಿ ಎದುರುಬದುರು ಮನೆಗಳಲ್ಲಿ ಉಪವಾಸ. ಎದುರು ಮನೆಯ ತಾಯಿ ಕೇಳಿದರು: "ನಿಮ್ಮದು ಎಷ್ಟು ದಿನ?" ನಲವತ್ತು ಅಂದೆ. "ನಮ್ಮದು ಮೂವತ್ತು, ಆದರೆ ನೀರೂ ಕುಡಿಯಲ್ಲ" ಅಂದರು. ಇಬ್ಬರೂ ಬಾಗಿಲಲ್ಲಿ ನಿಂತು ಬಿಸಿಲಿನ ಬಗ್ಗೆ ಮಾತಾಡಿದೆವು. ಆ ವರ್ಷದ ತಪಸ್ಸು ಕಾಲ ನನಗೆ ಹಗುರ ಅನ್ನಿಸಿತು, ಜೊತೆಗೆ ಯಾರೋ ನಡೆಯುತ್ತಿದ್ದಾರೆ ಅಂತ.

ಈ ನಲವತ್ತರ ಲೆಕ್ಕ ಮಕ್ಕಳಿಗೆ ಯಾವಾಗಲೂ ಗೊಂದಲ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಅದರಲ್ಲಿ ಆರು ಭಾನುವಾರ. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ. ಆರು ಕಳೆದರೆ ನಲವತ್ತು. ನನಗೆ ಇದನ್ನು ಯಾರೂ ಬೋರ್ಡ್ ಮೇಲೆ ಬರೆದು ಕಲಿಸಲಿಲ್ಲ. ಅಜ್ಜಿ ಬೂದಿ ಬುಧವಾರದ ದಿನ ಒಂದು ಹೊಸ ಗಡಿಗೆ ಇಡುತ್ತಿದ್ದಳು. ದಿನಾ ರೊಟ್ಟಿಗೆ ಜೋಳ ತೆಗೆಯುವಾಗ ಒಂದು ಹಿಡಿ ಅದರಲ್ಲಿ ಹಾಕುತ್ತಿದ್ದಳು. ಭಾನುವಾರ ಹಾಕುತ್ತಿರಲಿಲ್ಲ. "ಇವತ್ತು ಸ್ವಾಮಿ ಎದ್ದ ದಿನ, ನಾವೂ ಹೊಟ್ಟಿ ತುಂಬ ಉಣ್ಣೋದು" ಅನ್ನುತ್ತಿದ್ದಳು. ಪವಿತ್ರ ಶನಿವಾರ ಬೆಳಿಗ್ಗೆ ಆ ಗಡಿಗೆಯ ಜೋಳ ಊರಲ್ಲಿ ದುಡಿಮೆ ಇಲ್ಲದ ಒಂದು ಮನೆಗೆ ಹೋಗುತ್ತಿತ್ತು. ಯಾವ ಮನೆ ಅಂತ ನಮಗೆ ಹೇಳುತ್ತಿರಲಿಲ್ಲ. ಹೊತ್ತುಕೊಂಡು ಹೋಗುತ್ತಿದ್ದವಳೂ ಅವಳೇ. ನಲವತ್ತು ಹಿಡಿ ಜೋಳ ಎಷ್ಟು ಭಾರ ಅಂತ ನನಗೆ ಗೊತ್ತಿದೆ, ಯಾಕೆಂದರೆ ಒಮ್ಮೆ ಆ ಗಡಿಗೆ ಎತ್ತಲು ಹೋಗಿದ್ದೆ.

ಸಭೆಯ ನಿಯಮದ ಉಪವಾಸ ಈಗ ತೀರಾ ಕಡಿಮೆ. 18ರಿಂದ 59 ವರ್ಷದವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ. ಕಾಯಿಲೆಯವರಿಗೆ ಅದೂ ಇಲ್ಲ. ನಮ್ಮ ಅಜ್ಜಿಯಂಥವರು ನಿಯಮಕ್ಕೆ ಅಂತ ಮಾಡುತ್ತಿರಲಿಲ್ಲ. ಹಬ್ಬ ಬರುತ್ತಿದೆ ಅಂತ ಹೊಟ್ಟೆಗೂ ಗೊತ್ತಾಗಬೇಕು ಅನ್ನುವುದು ಅವರ ನಂಬಿಕೆ. ನನಗೂ ಈಗ ಅದೇ ಸರಿ ಅನ್ನಿಸುತ್ತದೆ.

ಹೊಟ್ಟೆಗೆ ಮಾತ್ರ ಅಲ್ಲ, ಕಿವಿಗೂ ಕಣ್ಣಿಗೂ ಉಪವಾಸ ಇದೆ, ಗಮನಿಸಿದ್ದೀರಾ? ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಹೋದ ವರ್ಷದ ಗರಿಗಳನ್ನು ಸುಟ್ಟು ಮಾಡಿದ್ದು. ಹೊಸನ್ನ ಅಂತ ಕೂಗಿ ಎತ್ತಿ ಹಿಡಿದ ಅದೇ ಗರಿ. ಆ ಬುಧವಾರದಿಂದ ಗುರುಗಳ ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಲ್ಲೆಲೂಯ ಅನ್ನುವ ಮಾತು ಪೂಜೆಯಿಂದ ಮಾಯವಾಗುತ್ತದೆ. ಪೂರ್ತಿ ತಪಸ್ಸು ಕಾಲದಲ್ಲಿ ಒಂದು ಸಲವೂ ಹಾಡುವುದಿಲ್ಲ. ಪವಿತ್ರ ಗುರುವಾರ ಮಹಿಮಾ ಗೀತೆಯಲ್ಲಿ ಗಂಟೆ ಬಾರಿಸುತ್ತಾರೆ, ಆಮೇಲೆ ಗಂಟೆಯೂ ಮೌನ. ನಮ್ಮೂರಲ್ಲಿ ಗಂಟೆ ಬದಲು ಮರದ ಹಲಗೆ ಬಡಿಯುತ್ತಿದ್ದರು. ಕಟ ಕಟ ಅನ್ನುವ ಆ ಒಣ ಸದ್ದು ಕೇಳಿದರೆ ಮಕ್ಕಳಾದ ನಮಗೆ ಎದೆಯಲ್ಲಿ ಏನೋ ಆಗುತ್ತಿತ್ತು. ಪೀಠದ ಮೇಲಿನ ಬಟ್ಟೆ ತೆಗೆದುಬಿಡುತ್ತಾರೆ. ಶುಭ ಶುಕ್ರವಾರ ನಮ್ಮ ಯಾವ ಚರ್ಚಿನಲ್ಲೂ ಬಲಿಪೂಜೆ ಇಲ್ಲ. ಒಂದೊಂದೇ ತೆಗೆಯುತ್ತಾ ಹೋಗಿ ಕೊನೆಗೆ ಏನೂ ಉಳಿಯುವುದಿಲ್ಲ. ಸಾವಿನ ಮನೆ ಹೇಗಿರುತ್ತದೋ ಹಾಗೆ.

ಆಮೇಲೆ ಬರುತ್ತದೆ ಆ ರಾತ್ರಿ.

ಪವಿತ್ರ ಶನಿವಾರ ರಾತ್ರಿಯ ಪಾಸ್ಕ ಜಾಗರಣೆಗೆ ನೀವು ಎಷ್ಟು ಜನ ಬರುತ್ತೀರಿ? ಕೈ ಎತ್ತಿ ಅಂತ ಕೇಳುವುದಿಲ್ಲ. ನಾನು ಹೋದ ಒಂದು ವರ್ಷದ ಕಥೆ ಹೇಳುತ್ತೇನೆ. ಯಾವ ಊರು ಅಂತ ಬೇಡ. ಕ್ರಿಸ್ಮಸ್ ರಾತ್ರಿ ಅದೇ ಗುಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಹೊರಗೆ ಶಾಮಿಯಾನ ಹಾಕಿದ್ದರು. ಪಾಸ್ಕ ಜಾಗರಣೆಗೆ ಅರ್ಧ ಬೆಂಚು ಖಾಲಿ. ಉದ್ದ ಪೂಜೆ, ಓದು ಜಾಸ್ತಿ, ಭಾನುವಾರ ಬೆಳಿಗ್ಗೆ ಬಂದರಾಯಿತು ಅಂತ ಜನ. ನನಗೆ ಅಳು ಬಂತು, ನಿಜ ಹೇಳುತ್ತೇನೆ. ನಲವತ್ತು ದಿನ ನಡೆದುಬಂದು ಬಾಗಿಲು ತೆಗೆಯುವ ಹೊತ್ತಿಗೆ ಮನೆಗೆ ಹೋದ ಹಾಗೆ ಅದು.

ಆ ರಾತ್ರಿ ಏನೇನು ಆಗುತ್ತದೆ ನೋಡಿ. ಪೂರ್ತಿ ಕತ್ತಲಾದ ಮೇಲೆಯೇ ಶುರು ಮಾಡಬೇಕು, ಬೆಳಗಾಗುವ ಮೊದಲು ಮುಗಿಸಬೇಕು. ಗುಡಿಯ ಎಲ್ಲ ದೀಪ ಆರಿಸುತ್ತಾರೆ. ಹೊರಗೆ ಹೊಸ ಬೆಂಕಿ. ಆ ಬೆಂಕಿಯಿಂದ ಪಾಸ್ಕದ ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಹಚ್ಚುವ ಮೊದಲು ಅದರ ಮೇಲೆ ಶಿಲುಬೆ ಕೊರೆದು, ಗ್ರೀಕ್ ಭಾಷೆಯ ಮೊದಲ ಅಕ್ಷರ ಕೊನೆಯ ಅಕ್ಷರ ಬರೆದು, ಆ ವರ್ಷದ ನಾಲ್ಕು ಅಂಕಿ ಬರೆಯುತ್ತಾರೆ. ಕಾಲ ಅವನದು ಅಂತ. ಐದು ಗಾಯಗಳ ಗುರುತಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಆಮೇಲೆ ಒಂದೇ ಒಂದು ದೀಪ ಕತ್ತಲೆಯ ಗುಡಿಗೆ ನಡೆದು ಬರುತ್ತದೆ. ಕ್ರಿಸ್ತರ ಜ್ಯೋತಿ ಅಂತ ಮೂರು ಸಲ ಹಾಡುತ್ತಾರೆ. ಅದರಿಂದ ನಿಮ್ಮ ಬತ್ತಿ, ನಿಮ್ಮಿಂದ ಪಕ್ಕದವರ ಬತ್ತಿ. ಎರಡು ನಿಮಿಷದಲ್ಲಿ ಎಲ್ಲರ ಮುಖ ಕಾಣುತ್ತದೆ. ಆ ಮುಖಗಳನ್ನು ನೋಡಿ, ಬೇರೆ ಯಾವ ದಿನವೂ ಹಾಗೆ ಕಾಣುವುದಿಲ್ಲ.

ಓದು ಜಾಸ್ತಿ ಅನ್ನುತ್ತೀರಲ್ಲ, ಹಳೆಯ ಒಡಂಬಡಿಕೆಯಿಂದ ಏಳು ಓದು. ಲೋಕ ಹುಟ್ಟಿದ್ದು, ಅಬ್ರಹಾಮ ಮಗನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದದ್ದು, ಕೆಂಪು ಸಮುದ್ರ ದಾಟಿದ್ದು. ಅಗತ್ಯ ಬಿದ್ದರೆ ಓದು ಕಡಿಮೆ ಮಾಡಬಹುದು, ಆದರೆ ಕೆಂಪು ಸಮುದ್ರದ ಓದನ್ನು ಮಾತ್ರ ಬಿಡುವ ಹಾಗಿಲ್ಲ. ಗುಲಾಮರಾಗಿದ್ದ ಜನ ಬಿಡುಗಡೆ ಆದ ಕಥೆ ಅದು. ಅವರು ಈಜಿಪ್ಟ್ ಬಿಟ್ಟು ಹೊರಟ ರಾತ್ರಿಯೂ ಇದೇ ಹುಣ್ಣಿಮೆ. ಮನೆಯಲ್ಲಿ ಅಜ್ಜಿ ಹಳೆಯ ಕಥೆ ಹೇಳಲು ಕೂತರೆ ಗಡಿಯಾರ ನೋಡುತ್ತೇವಾ? ಇದೂ ಹಾಗೇ, ಬೆಂಕಿ ಸುತ್ತ ಕೂತು ನಮ್ಮ ಮನೆತನದ ಕಥೆ ಕೇಳುವ ರಾತ್ರಿ. ಆಮೇಲೆ ಗಂಟೆ ಮತ್ತೆ ಬಾರಿಸುತ್ತದೆ, ಅಲ್ಲೆಲೂಯ ವಾಪಸ್ ಬರುತ್ತದೆ, ನೀರು ಆಶೀರ್ವಾದವಾಗುತ್ತದೆ, ಹೊಸಬರಿಗೆ ದೀಕ್ಷಾಸ್ನಾನ ಆಗುತ್ತದೆ.

ಅಜ್ಜಿ ಒಂದು ಮಾತು ಹೇಳುತ್ತಿದ್ದಳು, ಚಿಕ್ಕವಳಿದ್ದಾಗ ನಾನು ನಂಬಿರಲಿಲ್ಲ. "ನಮ್ಮ ಕಾಲಕ್ಕ ಆ ಬತ್ತಿ ಶನಿವಾರ ಮುಂಜಾನೆ ಹಚ್ಚತಿದ್ರು, ಬಿಸಿಲಾಗ" ಅಂತ. ಆಮೇಲೆ ಓದಿದಾಗ ಗೊತ್ತಾಯಿತು, ಅವಳು ಹೇಳಿದ್ದು ನಿಜ. ಎಷ್ಟೋ ಶತಮಾನಗಳ ಕಾಲ ಈ ಜಾಗರಣೆ ಜಾರುತ್ತಾ ಜಾರುತ್ತಾ ಶನಿವಾರ ಬೆಳಿಗ್ಗೆಗೆ ಬಂದು ನಿಂತಿತ್ತು. ಇದು ರಾತ್ರಿ ಅಂತ ಹಾಡುತ್ತಿದ್ದರು, ಹೊರಗೆ ಸೂರ್ಯ ಉರಿಯುತ್ತಿದ್ದ. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅದನ್ನು ಮತ್ತೆ ರಾತ್ರಿಗೆ ತಂದರು, 1955ರಲ್ಲಿ ಪವಿತ್ರ ವಾರದ ಆಚರಣೆಯನ್ನೆಲ್ಲ ತಿದ್ದಿದರು. ನಮಗೆ ವಾಪಸ್ ಸಿಕ್ಕಿರುವ ರಾತ್ರಿ ಅದು. ಅಜ್ಜಿಯ ತಲೆಮಾರಿಗೆ ಅರ್ಧ ಆಯುಷ್ಯ ಕಳೆಯುವವರೆಗೆ ಆ ರಾತ್ರಿ ಸಿಗಲಿಲ್ಲ. ಅದಕ್ಕೇ ಅವಳು ಸಾಯುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ ಅಂತ ಕಾಣುತ್ತದೆ.

ಆ ದೊಡ್ಡ ಮೇಣದಬತ್ತಿ ಆಮೇಲೆ ಎಲ್ಲಿ ಹೋಗುತ್ತದೆ? 50ನೇ ದಿನದ ಪವಿತ್ರಾತ್ಮರ ಹಬ್ಬದವರೆಗೆ ಪೀಠದ ಹತ್ತಿರ ಉರಿಯುತ್ತದೆ. ಆಮೇಲೆ ದೀಕ್ಷಾಸ್ನಾನದ ತೊಟ್ಟಿಯ ಹತ್ತಿರ ಇಡುತ್ತಾರೆ. ಮಗುವಿನ ದೀಕ್ಷಾಸ್ನಾನಕ್ಕೆ ಅದನ್ನು ಹಚ್ಚುತ್ತಾರೆ. ಯಾರಾದರೂ ತೀರಿಕೊಂಡಾಗ ಶವಪೆಟ್ಟಿಗೆಯ ಹತ್ತಿರ ಅದೇ ಬತ್ತಿ ಹಚ್ಚುತ್ತಾರೆ. ಅಜ್ಜಿಯ ಪೆಟ್ಟಿಗೆಯ ಪಕ್ಕದಲ್ಲೂ ಹಚ್ಚಿದ್ದರು.

ಸಂತರ ಹಬ್ಬಗಳು ಅರ್ಥವಾಗಬೇಕಾದರೆ ಈ ಬತ್ತಿಯಿಂದಲೇ ಹೋಗಬೇಕು. ಸಂತರ ಹಬ್ಬ ಚಂದ್ರನನ್ನು ನೋಡುವುದಿಲ್ಲ, ಸೂರ್ಯನ ತಾರೀಖಿಗೆ ನಿಂತಿರುತ್ತದೆ. ಜೂನ್ 13 ಸಂತ ಅಂತೋಣಿ, ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್. ಇವು ಏನು ತಾರೀಖು? ಹುಟ್ಟಿದ ದಿನವಲ್ಲ, ತೀರಿಕೊಂಡ ದಿನ. ಝೇವಿಯರ್ 1552ರ ಡಿಸೆಂಬರ್ 3ರಂದು ಚೀನಾದ ತೀರದ ಒಂದು ದ್ವೀಪದಲ್ಲಿ ಪ್ರಾಣ ಬಿಟ್ಟರು. ಸಂತ ಸತ್ತ ದಿನವನ್ನು ಸಭೆ ಅವರ ಹುಟ್ಟಿದ ದಿನ ಅಂತಲೇ ಕರೆಯುತ್ತದೆ, ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ. ಪಾಸ್ಕದ ರಾತ್ರಿ ಇಲ್ಲದಿದ್ದರೆ ಈ ಮಾತಿಗೆ ಅರ್ಥವೇ ಇಲ್ಲ. ಎಲ್ಲ ಸಂತರ ಹಬ್ಬವೂ ಒಂದೊಂದು ಸಣ್ಣ ಪಾಸ್ಕ.

ಈ ಭೂಮಿಯ ಮೇಲೆ ಹುಟ್ಟಿದ ದಿನವನ್ನು ಸಭೆ ಹಬ್ಬ ಮಾಡುವುದು ಮೂವರದು ಮಾತ್ರ. ಯೇಸುಸ್ವಾಮಿಯದು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನದು, ಜೂನ್ 24ಕ್ಕೆ ಸ್ನಾನಿಕ ಯೊವಾನ್ನರದು. ಯೊವಾನ್ನರ ಹಬ್ಬ ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ನೋಡಿ. ಜೂನ್ ಕೊನೆಯಲ್ಲಿ ಹಗಲು ತೀರಾ ಉದ್ದ ಇರುತ್ತದೆ, ಅಲ್ಲಿಂದ ಸಣ್ಣದಾಗುತ್ತಾ ಹೋಗುತ್ತದೆ. ಡಿಸೆಂಬರ್ ಕೊನೆಯಿಂದ ಮತ್ತೆ ಬೆಳೆಯುತ್ತದೆ. ಅವರು ಬೆಳೆಯಬೇಕು, ನಾನು ಕುಗ್ಗಬೇಕು ಅಂತ ಯೊವಾನ್ನರು ಯೇಸುಸ್ವಾಮಿಯ ಬಗ್ಗೆ ಹೇಳಿದ ಮಾತನ್ನು ಆಕಾಶವೇ ಪ್ರತಿ ವರ್ಷ ಮಾಡಿ ತೋರಿಸುತ್ತದೆ. ಮಾರ್ಚ್ 25 ಮಂಗಳವಾರ್ತೆಯ ಹಬ್ಬ, ಯೇಸು ಹುಟ್ಟುವ ಸುದ್ದಿ ಮರಿಯಮ್ಮನಿಗೆ ಬಂದ ದಿನ, ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಕ್ರಿಸ್ಮಸ್. ಡಿಸೆಂಬರ್ 8 ಅಮಲೋದ್ಭವ ಮಾತೆಯ ಹಬ್ಬ, ಅಂದರೆ ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಮೂಡಿದ್ದರ ಹಬ್ಬ, ಅಲ್ಲಿಂದ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8. ಹೆರಿಗೆ ನೋಡಿದ ಹೆಂಗಸರಿಗೆ ಈ ಲೆಕ್ಕ ಬೇಗ ಹಿಡಿಯುತ್ತದೆ.

ತೀರಿಕೊಂಡ ದಿನ ಅಂದೆನಲ್ಲ, ಅದರಲ್ಲಿ ಒಂದು ವಿಚಿತ್ರ ಇದೆ. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಅವರ ಹಬ್ಬ ಅಕ್ಟೋಬರ್ 15. ಹೇಗೆ? ಹಳೆಯ ಕ್ಯಾಲೆಂಡರ್ ಸೂರ್ಯನಿಗಿಂತ ಹತ್ತು ದಿನ ಹಿಂದೆ ಬಿದ್ದಿತ್ತು. ಹಗಲು ರಾತ್ರಿ ಸಮ ಆಗುವ ದಿನ ಮಾರ್ಚ್ 21ರ ಬದಲು 11ಕ್ಕೆ ಬರುತ್ತಿತ್ತು, ಈಸ್ಟರ್ ತಪ್ಪು ಹುಣ್ಣಿಮೆಗೆ ಬೀಳುತ್ತಿತ್ತು. ಅದನ್ನು ಸರಿ ಮಾಡಲು ಪೋಪ್ ಹದಿಮೂರನೇ ಗ್ರೆಗೊರಿ ಹತ್ತು ದಿನ ತೆಗೆದುಹಾಕಿದರು. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15. ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ಎರಡು ತಾರೀಖಿನ ನಡುವಿನ ರಾತ್ರಿ. ಇವತ್ತು ನಮ್ಮ ಸರ್ಕಾರಿ ಕಚೇರಿಯ ಗೋಡೆಯ ಮೇಲೆ ನೇತಾಡುವ ಕ್ಯಾಲೆಂಡರ್ ಕೂಡ ಅದೇ. ಈಸ್ಟರಿನ ಹುಣ್ಣಿಮೆ ಸರಿಯಾಗಿ ಸಿಗಲಿ ಅಂತ ತಿದ್ದಿದ್ದು ಲೋಕಕ್ಕೆಲ್ಲ ಕ್ಯಾಲೆಂಡರ್ ಆಯಿತು.

ಈಗ ನಮ್ಮ ಅಂತೋಣಿಯವರ ಬಗ್ಗೆ ಎರಡು ಮಾತು. ಬಳ್ಳಾರಿಯ ಪ್ರಧಾನಾಲಯ ಅವರ ಹೆಸರಿನದು. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಆಯಿತು, ರಾಯಚೂರು ಕೊಪ್ಪಳವೂ ಅದರಲ್ಲೇ ಸೇರಿವೆ. ಇಲ್ಲಿ ದುಡಿದ ಗುರುಗಳಲ್ಲಿ ಫ್ರಾನ್ಸಿಸ್ಕನ್ನರು ಇದ್ದರು. ಅಂತೋಣಿಯವರೂ ಫ್ರಾನ್ಸಿಸ್ಕನ್ನರೇ. ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ, ತೀರಿಕೊಂಡದ್ದು 1231ರ ಜೂನ್ 13ಕ್ಕೆ ಇಟಲಿಯ ಪಾದುವಾದಲ್ಲಿ. ಇನ್ನೂ ನಲವತ್ತು ದಾಟಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಸಂತ ಅಂತ ಘೋಷಿಸಿದರು. ಅವರನ್ನು ಮಣ್ಣು ಮಾಡಿದ್ದು ಮಂಗಳವಾರ, ಅದಕ್ಕೇ ಮಂಗಳವಾರದ ನವೇನಾ ಪ್ರಾರ್ಥನೆ. ಕಳೆದುಹೋದ ವಸ್ತು ಸಿಗಲಿ ಅಂತ ಅವರನ್ನು ಬೇಡುತ್ತೇವೆ. ಅವರದೇ ಕೀರ್ತನೆ ಪುಸ್ತಕವನ್ನು ಒಬ್ಬ ತೆಗೆದುಕೊಂಡು ಹೋಗಿದ್ದ, ಅವರ ಪ್ರಾರ್ಥನೆಯಿಂದ ವಾಪಸ್ ತಂದ ಅನ್ನುವುದು ಅದರ ಹಿಂದಿನ ಕಥೆ.

ಜೂನ್ 13 ನಮ್ಮ ಸೀಮೆಗೆ ಎಂಥ ದಿನ! ರೋಹಿಣಿ ಮುಗಿದು ಮಿರಗ ಮಳೆ ಕೂಡಿರುತ್ತದೆ. ಕೂರಿಗೆ ಹೊರಗೆ ಬಂದಿರುತ್ತದೆ. ಹೊಲ ಹದ ಮಾಡಿಟ್ಟು ರೈತ ಆಕಾಶ ನೋಡುತ್ತಿರುತ್ತಾನೆ. ಇಟಲಿಯಲ್ಲಿ ಅದು ಗೋಧಿ ಕೊಯ್ಯುವ ಕಾಲ, ನಮ್ಮಲ್ಲಿ ಬಿತ್ತುವ ಕಾಲ. ಹಬ್ಬದ ದಿನ ಬಡವರಿಗೆ ಅಂತೋಣಿಯವರ ರೊಟ್ಟಿ ಹಂಚುತ್ತೇವೆ. ನಮ್ಮಲ್ಲಿ ಅದು ಬನ್ನು ಆಗಿದೆ. ನನ್ನ ಆಸೆ, ಒಂದು ವರ್ಷವಾದರೂ ಜೋಳದ ರೊಟ್ಟಿಯನ್ನೇ ಹಂಚಬೇಕು. ಕೆಲವರು ಬೀಜದ ಕಾಳು ತಂದು ಪೀಠದ ಮುಂದೆ ಇಡುತ್ತಾರೆ. ನೋಡುವುದಕ್ಕೇ ಸಂತೋಷ. ಸಂತನ ಹಬ್ಬ ಊರಿನ ಮಣ್ಣಿಗೆ ಇಳಿಯುವುದು ಹಾಗೆ.

ಚಂದ್ರನ ಹಬ್ಬ, ಸೂರ್ಯನ ಹಬ್ಬ ಎರಡೂ ಒಂದೇ ದಿನ ಬಂದರೆ ಏನು ಮಾಡುತ್ತಾರೆ? 2024ರಲ್ಲಿ ಅದೇ ಆಯಿತು. ಮಾರ್ಚ್ 25, ಮಂಗಳವಾರ್ತೆಯ ಹಬ್ಬ, ದೇವದೂತರು ಮರಿಯಮ್ಮನಿಗೆ ಸುದ್ದಿ ತಂದ ದಿನ. ಆದರೆ ಅವತ್ತು ಪವಿತ್ರ ವಾರದ ಸೋಮವಾರ. ಇಡೀ ಪವಿತ್ರ ವಾರ, ಅದರ ಮುಂದಿನ ಪಾಸ್ಕದ ಎಂಟು ದಿನ ಬೇರೆ ಹಬ್ಬಕ್ಕೆ ಜಾಗ ಇಲ್ಲ. ತಾಯಿಯ ಹಬ್ಬ ಏಪ್ರಿಲ್ 8ಕ್ಕೆ ಹೋಯಿತು. ಆ ಮಾರ್ಚ್ 25ಕ್ಕೇ ಊರಲ್ಲಿ ಹೋಳಿ ಹುಣ್ಣಿಮೆ, ಬೀದಿ ತುಂಬಾ ಬಣ್ಣ. ಸಭೆ ತನ್ನ ಹಬ್ಬಗಳಲ್ಲಿ ಯಾವುದನ್ನು ದೊಡ್ಡದು ಅಂತ ಎಣಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಲ್ಲ ಹಬ್ಬವೂ ಪಾಸ್ಕಕ್ಕೆ ದಾರಿ ಬಿಡುತ್ತವೆ.

ಕ್ರಿಸ್ಮಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಹೇಳುವವರು ತುಂಬಾ ಜನ ಇದ್ದಾರೆ. ಗೋದಲಿ ನನಗೂ ಇಷ್ಟ. 1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚೊ ಅನ್ನುವ ಊರಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಆ ರಾತ್ರಿಯನ್ನು ಕಣ್ಣಿಗೆ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಜೋಳದ ಸೊಪ್ಪೆ ಹೊದಿಸಿ ಮಾಡುವ ಗೋದಲಿ ಅದಕ್ಕೆ ತುಂಬಾ ಹತ್ತಿರ. ನನ್ನ ಬೇಡಿಕೆ ಒಂದೇ. ಕ್ರಿಸ್ಮಸ್‌ಗೆ ಮೊದಲು ನಾಲ್ಕು ಭಾನುವಾರದ ಆಗಮನ ಕಾಲ ಇದೆ, ಪೂಜಾ ವರ್ಷ ಶುರುವಾಗುವುದೇ ಅಲ್ಲಿಂದ. ಅದೂ ನೇರಳೆ ಬಣ್ಣದ ಕಾಲ, ಕಾಯುವ ಕಾಲ. ನವೆಂಬರ್ ಕೊನೆಗೇ ನಕ್ಷತ್ರ ಕಟ್ಟಿ, ಡಿಸೆಂಬರ್ ಹತ್ತಕ್ಕೇ ಕೇಕ್ ಕತ್ತರಿಸಿದರೆ 25ಕ್ಕೆ ಏನು ಉಳಿಯುತ್ತದೆ? ಉಪವಾಸ ಇಲ್ಲದ ಹಬ್ಬ ಬಾಯಿಗೆ ರುಚಿಸುವುದಿಲ್ಲ.

ಈಗ ನಿಮ್ಮ ಕ್ಯಾಲೆಂಡರ್ ತೆಗೆದು 2027ಕ್ಕೆ ಗುರುತು ಹಾಕಿಕೊಳ್ಳಿ. ಹೋಳಿ ಹುಣ್ಣಿಮೆ ಮಾರ್ಚ್ 22, ಸೋಮವಾರ. ಇಪ್ಪತ್ತೊಂದು ದಾಟಿದೆ, ಲೆಕ್ಕಕ್ಕೆ ಸಿಕ್ಕಿತು. ಹಾಗಾಗಿ ಅದರ ಮುಂದಿನ ಭಾನುವಾರ, ಮಾರ್ಚ್ 28 ಈಸ್ಟರ್. ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ ಫೆಬ್ರವರಿ 10. ಅವತ್ತು ಮನೆಯಲ್ಲಿ ಒಂದು ಗಡಿಗೆ ಇಡಿ. ಮಕ್ಕಳ ಕೈಯಿಂದಲೇ ದಿನಾ ಒಂದು ಹಿಡಿ ಹಾಕಿಸಿ, ಭಾನುವಾರ ಬಿಡಿ. ನಲವತ್ತು ಹಿಡಿ ಆದ ಮೇಲೆ ಅದು ಯಾವ ಮನೆಗೆ ಹೋಗಬೇಕು ಅಂತ ನಿಮಗೇ ಗೊತ್ತಿರುತ್ತದೆ. ಮಾರ್ಚ್ 27, ಶನಿವಾರ ರಾತ್ರಿ ಮಕ್ಕಳನ್ನೂ ಕರೆದುಕೊಂಡು ಗುಡಿಯ ಅಂಗಳಕ್ಕೆ ಬನ್ನಿ. ಹುಣ್ಣಿಮೆ ಕಳೆದು ಐದು ದಿನ ಆಗಿರುತ್ತದೆ, ಚಂದ್ರ ಬರುವುದು ತಡ. ಬೆಂಕಿ ಹಚ್ಚುವ ಹೊತ್ತಿಗೆ ಪೂರ್ತಿ ಕತ್ತಲು ಇರುತ್ತದೆ. ಒಂದು ಮೇಣದಬತ್ತಿ ತನ್ನಿ, ನೀರು ತುಂಬಿಸಿಕೊಂಡು ಹೋಗಲು ಒಂದು ಬಾಟಲಿ ತನ್ನಿ. ಏಳು ಓದೂ ಕೇಳಿ. ಪೂಜೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ಚಂದ್ರ ಮೂಡಣದಲ್ಲಿ ಬಂದಿರುತ್ತಾನೆ.